ಟಾಕು ನದಿಯ ಆರಂಭ ಶಿಲ್ಕು

ಕಳಸದಲ್ಲಿ ಹುಟ್ಟಿ ಬೆಳೆದ ನನಗೆ ಹೊರನಾಡು ಎಂದರೆ ಪಕ್ಕದ ಅನ್ನಪೂರ್ಣೇಶ್ವರಿಯ ಊರು, ಅಷ್ಟೆ. ಈಗ ನಿಜವಾದ ಹೊರನಾಡಾದ ಅಲಾಸ್ಕದ ಜೂನೋಗೆ ಬಂದು ಆರು ವರ್ಷ. ರಾಜ್ಯದ ರಾಜಧಾನಿಯಾದರೂ ಹೊರಗಿನಿಂದ ಇಲ್ಲಿಗೆ ರಸ್ತೆಯಿಲ್ಲ. ವಿಮಾನದಲ್ಲೋ ಹಡಗಿನಲ್ಲೋ ಬರಬೇಕು. ಮಳೆ ಮಾತ್ರ ಧಾರಾಳ. ಒದ್ದೆ ಕೊಡೆ, ಒಣಗದ ಬಟ್ಟೆ, ಗೋಡೆಗೆ ಹಿಡಿಯುವ ಬೂಷ್ಟು ಇವೆಲ್ಲ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಸಿಕೊಂಡು ಕಲಿಯಬೇಕಾಗಿ ಬಂದದ್ದು ಮೀನಿನ ವಿಷಯ.

ನಾವು ಸಸ್ಯಾಹಾರಿಗಳು. ಪಕ್ಕದ ಮನೆಯಲ್ಲಿರುವುದು ಕ್ಲಿಂಕಿಟ್ ಬುಡಕಟ್ಟಿನ ಹಿರಿಯ ಹೆಂಗಸು. ಹಿರಿಯರನ್ನು ಆಂಟಿ ಎನ್ನುವುದು ಅವರಲ್ಲೂ ರೂಢಿ, ಹಾಗಾಗಿ ನನಗೂ ಅವರು ಆಂಟಿಯೇ. ಬೇಸಿಗೆ ಬಂತೆಂದರೆ ಅವರ ಹಿತ್ತಲಿನಲ್ಲಿ ಆಲ್ಡರ್ ಸೌದೆಯ ಹೊಗೆ ಏಳುತ್ತದೆ. ಸಾಲ್ಮನ್ ಮೀನನ್ನು ಉದ್ದುದ್ದ ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಹೊಗೆಗೆ ತೂಗುಹಾಕಿ, ಆಮೇಲೆ ಗಾಜಿನ ಸೀಸೆಗೆ ತುಂಬಿ ಕುಕ್ಕರಿನಲ್ಲಿ 110 ನಿಮಿಷ ಬೇಯಿಸುತ್ತಾರೆ. ಆ ಕುಕ್ಕರ್ ಕೂಗುವುದಿಲ್ಲ. ಒತ್ತಡ ತೋರಿಸಲು ಗಡಿಯಾರದಂತೆ ಒಂದು ಮುಳ್ಳಿದೆ. ನಾನು ಮೀನು ತಿನ್ನುವುದಿಲ್ಲ ಎಂದು ಮೊದಲ ಸಲ ಹೇಳಿದಾಗ ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಮರುದಿನ ಬ್ಲೂಬೆರಿ ತಂದುಕೊಟ್ಟರು.

ಆ ಮೀನು ಬರುವುದು ಟಾಕು ನದಿಯಿಂದ. ಚಳಿಗಾಲದಲ್ಲಿ ನಮ್ಮ ಕಿಟಕಿಗಳನ್ನು ಗಡಗಡ ಅಲುಗಿಸುವ ಗಾಳಿಗೂ ಇಲ್ಲಿಯವರು ಟಾಕು ಎಂದೇ ಕರೆಯುತ್ತಾರೆ. ನದಿ ಹುಟ್ಟುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಸಮುದ್ರ ಸೇರುವುದು ಅಲಾಸ್ಕದಲ್ಲಿ. ದಕ್ಷಿಣದ ಸ್ಟಿಕೀನ್, ಊನಕ್ ನದಿಗಳೂ ಹಾಗೆಯೇ. ಸಾಲ್ಮನ್‌ನದು ಎದುರು ದಿಕ್ಕಿನ ಪಯಣ: ಸಮುದ್ರದಲ್ಲಿ ಬಲಿತು, ಹುಟ್ಟಿದ ತೊರೆಯ ವಾಸನೆ ಹಿಡಿದು ಹಿಂತಿರುಗಿ, ಮೊಟ್ಟೆಯಿಟ್ಟು ಸಾಯುತ್ತದೆ. ಊರಂಚಿನ ಹಿಮನದಿಯ ಪಕ್ಕ ಸ್ಟೀಪ್ ಕ್ರೀಕ್ ಎಂಬ ಚಿಕ್ಕ ಹಳ್ಳವಿದೆ. ಅಲ್ಲಿ ಸಾಕೈ ಜಾತಿಯ ಹೆಣ್ಣೊಂದನ್ನು ಅರ್ಧ ಗಂಟೆ ನೋಡುತ್ತ ನಿಂತಿದ್ದೆ. ಮೈ ಕುಂಕುಮದಂತೆ ಕೆಂಪು, ತಲೆ ಪಾಚಿಹಸಿರು. ಮೊಟ್ಟೆಗೆ ಗುಳಿ ಮಾಡಲು ಬಾಲದಿಂದ ಕಲ್ಲು ಕೆದಕಿ ಕೆದಕಿ ಬಾಲದ ಅಂಚು ಸವೆದು ಬೆಳ್ಳಗಾಗಿತ್ತು.

ವಾಸನೆಯ ಮಾತು ಬಂತಲ್ಲ, ಗಣಿಯ ತಕರಾರು ಶುರುವಾಗುವುದು ಅಲ್ಲಿಂದಲೇ. ನೀರಿನಲ್ಲಿ ತಾಮ್ರ ಅತ್ಯಲ್ಪ ಕರಗಿದರೂ ಸಾಲ್ಮನ್‌ನ ಮೂಗು ಮಂಕಾಗುತ್ತದೆ. ಗಡಿಯಾಚೆ, ಟಾಕುವಿನ ಉಪನದಿ ಟಲ್ಸಿಕ್ವಾದ ದಡದಲ್ಲಿ ಟಲ್ಸಿಕ್ವಾ ಚೀಫ್ ಎಂಬ ಗಣಿಯಿದೆ. ಅದು ನಡೆದದ್ದು 1951ರಿಂದ 1957ರವರೆಗೆ, ಆರೇ ವರ್ಷ. ಬಂಡೆಯಲ್ಲಿರುವ ಗಂಧಕದ ಅದಿರಿಗೆ ಗಾಳಿ, ನೀರು ತಾಗಿ ಆಮ್ಲವಾಗಿ, ಲೋಹಗಳನ್ನು ಕರಗಿಸಿಕೊಂಡು ತುಕ್ಕುಬಣ್ಣದ ನೀರು ಅಂದಿನಿಂದ ಇಂದಿಗೂ ಹೊಳೆಗೆ ಸೇರುತ್ತಿದೆ. ಮತ್ತೆ ಗಣಿ ತೆರೆಯುತ್ತೇವೆಂದು ಬಂದ ಎರಡು ಕಂಪನಿಗಳು ಒಂದರ ಹಿಂದೊಂದು ದಿವಾಳಿಯಾದವು. ಶುದ್ಧೀಕರಣದ ಯೋಜನೆ 2020ರಲ್ಲಿ ಪ್ರಕಟವಾಯಿತು. ನೀರಿನ ಬಣ್ಣವೇನೂ ಅದನ್ನು ಓದಿ ಬದಲಾಗಲಿಲ್ಲ.

ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲವೇ ಎಂದರೆ, ಇದೆ. 1985ರ ಪೆಸಿಫಿಕ್ ಸಾಲ್ಮನ್ ಒಪ್ಪಂದದಡಿ ಯಾರು ಎಷ್ಟು ಮೀನು ಹಿಡಿಯಬೇಕೆಂಬುದು ತೀರ್ಮಾನವಾಗುತ್ತದೆ. ಕಾವೇರಿಯಲ್ಲಿ ನಾವು ಟಿಎಂಸಿ ಲೆಕ್ಕ ಹಾಕಿದಂತೆ ಇವರು ಮೀನಿನ ತಲೆ ಎಣಿಸುತ್ತಾರೆ. ಗಡಿಯ ಈಚೆ ಕ್ಯಾನ್ಯನ್ ಐಲ್ಯಾಂಡ್ ಬಳಿ ನೀರಿನ ಸೆಳೆತಕ್ಕೆ ತಾನೇ ತಿರುಗುವ ದೊಡ್ಡ ಚಕ್ರಗಳು ಮೀನನ್ನು ಬುಟ್ಟಿಯಲ್ಲಿ ಎತ್ತಿಕೊಳ್ಳುತ್ತವೆ. ಇಲ್ಲಿ ಗುರುತಿನ ಚೀಟಿ ಸಿಕ್ಕಿಸಿ ಬಿಟ್ಟರೆ ಮೇಲೆ ಕೆನಡಾದವರು ಅದನ್ನು ನೋಡಿ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಆ ಒಪ್ಪಂದದಲ್ಲಿ ಗಣಿಗೆ ಕಡಿವಾಣವಿಲ್ಲ. ಗಡಿ ದಾಟುವ ನೀರನ್ನು ಇನ್ನೊಂದು ಬದಿಗೆ ಹಾನಿಯಾಗುವಂತೆ ಕೆಡಿಸಕೂಡದೆಂದು 1909ರ ಒಪ್ಪಂದ ಹೇಳುತ್ತದೆ. ಸರಿ, ಹಾನಿಯಾಗಿದೆ ಎಂದು ತೋರಿಸುವುದು ಹೇಗೆ?

ನಾನು ಈ ಕೆಲಸದೊಳಗೆ ಬಂದದ್ದು ಆ ಪ್ರಶ್ನೆಯಿಂದ. ಆಂಟಿಯ ತಂಗಿಯ ಮಗ ಬುಡಕಟ್ಟಿನ ತಂಡದೊಂದಿಗೆ ದೋಣಿಯಲ್ಲಿ ಹೋಗಿ ನೀರಿನ ಮಾದರಿ ತರುತ್ತಾನೆ. ಕೈಗವಸು ತೊಟ್ಟು, ಹರಿವಿಗೆ ಮುಖಮಾಡಿ ನಿಂತು, ಬಾಟಲಿ ತುಂಬಿ, ತಾರೀಖು ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. “ನೀನು ಲೆಕ್ಕಪತ್ರದವಳಲ್ಲವೇ? ನಮ್ಮ ಹುಡುಗನ ಕಾಗದ ಸ್ವಲ್ಪ ನೋಡು” ಎಂದರು ಆಂಟಿ. ನೋಡಿದೆ. ನನ್ನ ಕಸುಬಿನ ಕಣ್ಣಿಗೆ ತಟ್ಟನೆ ಕಂಡದ್ದು: ಇವರು ಬರೆದಿಡುತ್ತಿರುವುದು ಆರಂಭ ಶಿಲ್ಕು, ಅಂದರೆ ಖಾತೆ ತೆರೆಯುವಾಗ ಇದ್ದ ಬಾಕಿ. ಹೊಸ ಗಣಿ ಬರುವ ಮೊದಲು ನದಿಯಲ್ಲಿ ತಾಮ್ರ ಎಷ್ಟು, ಸತು ಎಷ್ಟು ಎಂಬುದು ಖಾತೆಯಲ್ಲಿ ಇಲ್ಲದಿದ್ದರೆ ನಾಳೆ ಕಂಪನಿಯ ವಕೀಲರು ‘ಮೊದಲಿಂದಲೂ ಹೀಗೇ ಇತ್ತು’ ಎಂದುಬಿಡಬಹುದು. ಘೋಷಣೆ, ಮೆರವಣಿಗೆಗಿಂತ ಈ ಗುಮಾಸ್ತಿಕೆಯ ಮೇಲೆ ನನಗೆ ಭರವಸೆ ಹೆಚ್ಚು.

ಇವರ ಭಯಕ್ಕೆ ಕಾರಣವಿದೆ. 2014ರ ಆಗಸ್ಟ್ 4ರಂದು ಬ್ರಿಟಿಷ್ ಕೊಲಂಬಿಯಾದ ಮೌಂಟ್ ಪಾಲಿ ಗಣಿಯ ಕೆಸರಿನ ಅಣೆಕಟ್ಟು ಒಡೆದು ಸುಮಾರು 2.5 ಕೋಟಿ ಘನಮೀಟರ್ ಕೆಸರುನೀರು ಹಳ್ಳ, ಸರೋವರಗಳಿಗೆ ನುಗ್ಗಿತು. ಅದು ಫ್ರೇಸರ್ ನದಿಯ ಕಣಿವೆ, ಇಲ್ಲಿಂದ ದೂರ. ಆದರೆ ಅದೇ ಕಂಪನಿಯ ಇನ್ನೊಂದು ಗಣಿ ಮರುವರ್ಷವೇ ಸ್ಟಿಕೀನ್ ಕಣಿವೆಯಲ್ಲಿ ಶುರುವಾಯಿತು. ಆಗ್ನೇಯ ಅಲಾಸ್ಕದ ಹಲವು ಬುಡಕಟ್ಟುಗಳು ಗಡಿನದಿಗಳಿಗಾಗಿ ಒಟ್ಟುಗೂಡಿ ಆಯೋಗವೊಂದನ್ನು ಕಟ್ಟಿಕೊಂಡಿವೆ. ಗಡಿಯಾಚೆಯ ಟಾಕು ರಿವರ್ ಕ್ಲಿಂಕಿಟ್ ಜನ 2023ರಲ್ಲಿ ತಮ್ಮ ಕಣಿವೆಯ ಬಹುಭಾಗವನ್ನು ತಾವೇ ಸಂರಕ್ಷಿತವೆಂದು ಘೋಷಿಸಿದರು. ಅವರೂ ಇವರೂ ನೆಂಟರೇ. ಗೆರೆ ಎಳೆದದ್ದು ಬೇರೆಯವರು. ವಾಷಿಂಗ್ಟನ್ ರಾಜ್ಯದ ಸಿನಿಕ್ಸ್ಟ್ ಜನಾಂಗದವರೊಬ್ಬರು ಗಡಿ ದಾಟಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡಿದ ಪ್ರಕರಣದಲ್ಲಿ, ಕೆನಡಾದ ಪ್ರಜೆಗಳಲ್ಲದ ಮೂಲನಿವಾಸಿಗಳಿಗೂ ಅಲ್ಲಿ ಹಕ್ಕಿರಬಹುದೆಂದು ಕೆನಡಾದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆಂಟಿ ಆ ತೀರ್ಪಿನ ಮಾತು ಎತ್ತಿದರೆ ಚಹಾ ಆರಿದ್ದೂ ಗೊತ್ತಾಗುವುದಿಲ್ಲ.

ಎಲ್ಲರೂ ಒಂದೇ ಕಡೆ ಇದ್ದಾರೆಂದು ಬರೆದರೆ ಸುಳ್ಳಾದೀತು. ಸ್ಟಿಕೀನ್‌ನ ಮೇಲ್ಭಾಗದ ತಾಲ್ತಾನ್ ಜನರಲ್ಲಿ ಗಣಿಯ ಸಂಬಳದಿಂದ ಮನೆ ನಡೆಸುವವರಿದ್ದಾರೆ. ಜೂನೋ ಹುಟ್ಟಿದ್ದೇ 1880ರ ಚಿನ್ನದಿಂದ. ಪೇಟೆಯ ಕಡಲಂಚಿನ ನೆಲದ ಬಹುಭಾಗ ಗಣಿಯಿಂದ ತಂದು ಸುರಿದ ಕಲ್ಲು. ಅದರ ಮೇಲೆ ನಿಂತು ತಾಮ್ರದ ತಂತಿಯಿರುವ ಮೊಬೈಲಿನಲ್ಲಿ ಗಣಿಯನ್ನು ಬೈಯುತ್ತೇವೆ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಕುದುರೆಮುಖದ ಕಬ್ಬಿಣದ ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದಿಂದ, 2005ರ ಕೊನೆಗೆ. ಅದಕ್ಕೂ ಮುಂಚಿನ ಮಳೆಗಾಲಗಳಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ನಾವು ಮನೆಯವರೆಲ್ಲ ನೋಡಿದ್ದೇವೆ. “ಗಣಿ ಬರುವ ಮುಂಚೆ ಮಳೆಗಾಲದ ನೀರು ಹೇಗಿತ್ತಪ್ಪ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲೂ ಕೆಂಪೇ. ಇಷ್ಟು ಕೆಂಪಲ್ಲ” ಎಂದರು. ಎಷ್ಟು ಎಂದು ಕೇಳಲು ಹೋಗಲಿಲ್ಲ.

ಕಳೆದ ವಾರ ಹುಡುಗ ಹೊಸ ಹಾಳೆಗಳನ್ನು ತಂದುಕೊಟ್ಟ. ಹನ್ನೊಂದು ಬಾಟಲಿ. ಒಂದರ ಚೀಟಿಯ ಮೇಲೆ ಮಳೆ ಬಿದ್ದು ಶಾಯಿ ಹರಡಿತ್ತು. ತಾರೀಖು ಏಳೋ ಒಂದೋ ತಿಳಿಯಲಿಲ್ಲ. “ಏಳೇ ಇರಬೇಕು” ಎಂದ. ಇರಬಹುದು. ಆ ಸಾಲಿನಲ್ಲಿ ಅಡ್ಡಗೆರೆ ಎಳೆದು, ಮುಂದಿನ ಸಲಕ್ಕೆ ಸೀಸದಕಡ್ಡಿ ಕೊಟ್ಟು ಕಳಿಸಿದೆ.