ಪ್ಯಾಡಿನ ಗಾಂಧಾರ ಕೊನೆಗೂ ತಂಬೂರಿಯ ಮಾತು ಕೇಳಿತು

ತಂಬೂರಿ, ಸಿಂತ್ ಸೇರಿಸಿ ಮಾಡುತ್ತಿರುವ ಆಂಬಿಯೆಂಟ್ (ನಿಧಾನಕ್ಕೆ ಹರಡುವ ಹಿನ್ನೆಲೆ ಸಂಗೀತ) ಆಲ್ಬಮ್ಮಿನ ನಾಲ್ಕನೇ ಟ್ರ್ಯಾಕಿನ ನಡುಕ ನಿಂತಿದೆ. ಸುತ್ತಿ ಸುತ್ತಿ ಬರುವ ತಂಬೂರಿ ಲೂಪಿನ ಮೇಲೆ ಸಿಂತ್ ಪ್ಯಾಡ್ (ಸಿಂಥಸೈಸರ್‌ನ ಉದ್ದಕ್ಕೆ ಎಳೆದ ನಾದ) ಕೂರಿಸಿದ ಕೂಡಲೇ ಸೆಕೆಂಡಿಗೆ ಎರಡೂವರೆ ಸಲ 'ವ್ವ ವ್ವ ವ್ವ' ಅನ್ನುತ್ತಿತ್ತಲ್ಲ, ಅದು. ಲೂಪ್ ಕತ್ತರಿಸುವುದು, ಕ್ರಾಸ್‌ಫೇಡ್ ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅವನ್ನು ಇಲ್ಲಿ ಬಿಟ್ಟಿದೆ. ಈ ಸಲದ್ದೆಲ್ಲ ಗಾಂಧಾರದ ಗೋಳು.

ಆಲ್ಬಮ್ಮಿನ ಶ್ರುತಿ ಸಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ತಂಬೂರಿಯ ನಾಲ್ಕು ತಂತಿಗಳಲ್ಲಿ ಷಡ್ಜದ ಜೋಡಿ, ಅಂದರೆ ಸಾರಣಿ, ಅನುಸಾರಣಿ, 130.81 ಹರ್ಟ್ಸ್, ಪಂಚಮ 98.11, ಮಂದ್ರ 65.41. ಜವಾರಿ (ಕುದುರೆಯ ಮೇಲೆ ತಂತಿಯಡಿ ದಾರ ಸರಿಸಿ ತರುವ ಝೇಂಕಾರ) ಸರಿಯಾಗಿ ಕೂತ ಮಂದ್ರ ತಂತಿ ತನ್ನ ಐದನೇ ಹಾರ್ಮೋನಿಕ್ಕನ್ನು (ಮೂಲ ಕಂಪನದ ಐದು ಪಟ್ಟಿನ ಉಪಸ್ವರ), ಅಂದರೆ 327.03 ಹರ್ಟ್ಸ್‌ನ ಅಂತರ ಗಾಂಧಾರವನ್ನು, ಯಾರೂ ಕೇಳದಿದ್ದರೂ ಹಾಡುತ್ತದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿಕೊಂಡ ಸಿಂತ್‌ನ ಗಾಂಧಾರ 329.63ರಲ್ಲಿ ಕೂತಿದೆ. ವ್ಯತ್ಯಾಸ 2.6 ಹರ್ಟ್ಸ್. ನಡುಕದ ವೇಗವೂ ಅಷ್ಟೇ. ಸೆಂಟ್ಸ್‌ನಲ್ಲಿ (ಒಂದು ಸೆಮಿಟೋನ್, ಅಂದರೆ ಪಕ್ಕಪಕ್ಕದ ಎರಡು ಕೀಲಿಗಳ ಅಂತರ, 100 ಸೆಂಟ್ಸ್) ಹೇಳಿದರೆ ಸಿಂತ್ 13.69 ಮೇಲೆ. ಎರಡು ನಿಮಿಷದ ಸಿನಿಮಾ ಹಾಡಿನಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ. ಒಂದೇ ಸ್ವರ ನಲವತ್ತು ಸೆಕೆಂಡ್ ನಿಲ್ಲುವ ಆಂಬಿಯೆಂಟ್‌ನಲ್ಲಿ ಬೇರೇನೂ ಕೇಳಿಸುವುದಿಲ್ಲ.

ಮೊದಲು ಎಲ್ಲರ ಕೈ ಹೋಗುವುದು ಇಕ್ಯೂಗೆ, ಅಂದರೆ ಬೇಕಾದ ಕಂಪನಗಳನ್ನು ಏರಿಸಿ ಇಳಿಸುವ ಈಕ್ವಲೈಸರ್‌ಗೆ. ತಂಬೂರಿಗೆ 327ರಲ್ಲಿ ಕಿರಿದಾದ ನಾಚ್ (ಕೊರೆತ) ಹಾಕಿದರೆ ಕೆಳಗಿನ ನಡುಕ ತಗ್ಗುತ್ತದೆ, ನಿಜ. ಆದರೆ ಸಾರಣಿಯ ಐದನೇ ಹಾರ್ಮೋನಿಕ್ 654ರಲ್ಲಿ ಹಾಗೇ ಇರುತ್ತದೆ, ಪ್ಯಾಡಿನ ಮೇಲಿನ ಗಾಂಧಾರ 659ರಲ್ಲಿ. ಅಲ್ಲಿ ಸೆಕೆಂಡಿಗೆ ಐದು ಸಲ. ಅದಕ್ಕೂ ನಾಚ್, ಅದರ ಮೇಲಿನದಕ್ಕೂ ನಾಚ್ ಅಂತ ಹೋದರೆ ಕೊನೆಗೆ ಉಳಿಯುವುದು ಹಳೇ ಟೆಲಿಫೋನಿನಲ್ಲಿ ಕೇಳಿಸಿದ ತಂಬೂರಿ.

ಎರಡನೇ ಉಪಾಯ ಕೇಳಲು ಜಾಣತನದ್ದು: ತಂತಿಯ ಉದ್ದದ ಐದನೇ ಒಂದು ಭಾಗದಲ್ಲಿ ಮೀಟಿದರೆ ಅಲ್ಲಿ ಐದನೇ ಹಾರ್ಮೋನಿಕ್‌ನ ನೋಡ್ (ಅಲುಗದ ಬಿಂದು) ಇರುತ್ತದೆ, ಗಾಂಧಾರ ಹುಟ್ಟಲೇಬಾರದು. ಗಿಟಾರ್‌ನಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. ತಂಬೂರಿಯಲ್ಲಿ ನಡೆಯುವುದಿಲ್ಲ. ಸಿ. ವಿ. ರಾಮನ್ 1921ರಲ್ಲೇ ಇದನ್ನು ತೋರಿಸಿದ್ದಾರೆ: ಬಾಗಿದ ಕುದುರೆ ಮತ್ತು ದಾರದಿಂದಾಗಿ, ನೋಡ್ ಇರುವ ಜಾಗದಲ್ಲೇ ಮೀಟಿದರೂ ಆ ಹಾರ್ಮೋನಿಕ್ ಜೋರಾಗಿ ಕೇಳಿಸುತ್ತದೆ. ದಾರ ತೆಗೆದರೆ ಗಾಂಧಾರ ಮಂಕಾಗುತ್ತದೆ, ಜೊತೆಗೆ ತಂಬೂರಿಯೂ.

ಹಾಗಾಗಿ ತಂಬೂರಿಯನ್ನು ಅದರ ಪಾಡಿಗೆ ಬಿಟ್ಟು ಸಿಂತ್ ತಿದ್ದುವುದೊಂದೇ ದಾರಿ. ಸ್ಕಾಲಾ ಫೈಲ್ (ಶ್ರುತಿಪಟ್ಟಿಯ ಕಡತ) ಓದುವ ಸಾಫ್ಟ್‌ವೇರ್ ಸಿಂತ್ ಇದ್ದವರು ಅನುಪಾತಗಳನ್ನು (ರಿ 9/8, ಗ 5/4, ಪ 3/2, ನಿ 15/8) ಬರೆದು ಕೈತೊಳೆದುಕೊಳ್ಳಬಹುದು. ಹಳೇ ಹಾರ್ಡ್‌ವೇರ್ ಸಿಂತ್‌ಗೆ ಅದೆಲ್ಲ ಅರ್ಥವಾಗದು. ಅದಕ್ಕೆ ಸ್ವರವನ್ನು ಕೊಂಚ ಮೇಲೆ ಕೆಳಗೆ ಬಗ್ಗಿಸುವ ಪಿಚ್ ಬೆಂಡ್ ಬೇಕು. ಮಿಡಿಯಲ್ಲಿ (ವಾದ್ಯಗಳಿಗೆ ಆಜ್ಞೆ ಕಳಿಸುವ ಡಿಜಿಟಲ್ ಭಾಷೆ) ಬೆಂಡ್‌ನ ನಡುಬಿಂದು 8192. ರೇಂಜ್ ಎರಡು ಸೆಮಿಟೋನ್ ಇದ್ದರೆ ಒಂದು ಸೆಂಟ್‌ಗೆ ಸುಮಾರು 41 ಹೆಜ್ಜೆ. ಆ ಲೆಕ್ಕದಲ್ಲಿ ಗ 7631, ನಿ 7712, ಪ 8272, ರಿ 8352. ಬೆಂಡ್ ಇಡೀ ಚಾನೆಲ್ಲಿಗೆ ತಗಲುವುದರಿಂದ ಪ್ರತಿ ಸ್ವರಕ್ಕೂ ಬೇರೆ ಚಾನೆಲ್. ಸಿಂತ್ ಮಲ್ಟಿಟಿಂಬ್ರಲ್ ಅಲ್ಲದಿದ್ದರೆ, ಅಂದರೆ ಒಮ್ಮೆಗೇ ಹಲವು ಚಾನೆಲ್ ನುಡಿಸಲಾಗದಿದ್ದರೆ, ಒಂದೊಂದು ಸ್ವರವನ್ನೂ ಬೇರೆ ಬೇರೆ ಸುತ್ತಿನಲ್ಲಿ ರೆಕಾರ್ಡ್ ಮಾಡಬೇಕು. ಬೇಸರದ ಕೆಲಸ, ಆದರೆ ಆಂಬಿಯೆಂಟ್ ಮಾಡುವವರಿಗೆ ಬೇಸರ ಹೊಸದೇನಲ್ಲ.

ಎಚ್ಚರ: ಸಿಂತ್ ಎಂಪಿಇ (ಪ್ರತಿ ಸ್ವರಕ್ಕೂ ಬೇರೆ ಬೆಂಡ್ ಕೊಡುವ) ಮೋಡಿನಲ್ಲಿದ್ದರೆ ಬೆಂಡ್ ರೇಂಜ್ ಸಾಮಾನ್ಯವಾಗಿ 48 ಸೆಮಿಟೋನ್. ಅಲ್ಲಿ 7631 ಕಳಿಸಿದರೆ ಗಾಂಧಾರ 329 ಸೆಂಟ್ಸ್ ಕುಸಿದು, ಶುದ್ಧ ರಿಷಭಕ್ಕೂ ಕೆಳಗೆ, ಷಡ್ಜದ ಮಗ್ಗುಲಿಗೆ ಬಂದು ಬೀಳುತ್ತದೆ. ಹೊಸ ರಾಗ ಹುಟ್ಟಿತೆಂದು ಯಾರೂ ಸಂಭ್ರಮಿಸಬೇಡಿ.

ಇಷ್ಟಾದರೂ ನಡುಕ ಪೂರ್ತಿ ಹೋಗದೆ ಮೂರು ಸೆಕೆಂಡಿಗೊಮ್ಮೆ ತೂಗುತ್ತಿದ್ದರೆ, ತಂಬೂರಿಯ ಷಡ್ಜವೇ 440ರ (ಎ ಸ್ವರ 440 ಹರ್ಟ್ಸ್ ಎಂಬ ವಾಡಿಕೆಯ) ಲೆಕ್ಕದಲ್ಲಿಲ್ಲ ಎಂದರ್ಥ. ಮೀಟಿಸಿಕೊಳ್ಳುತ್ತಾ ಬಿಸಿಯೇರಿದ ತಂತಿ, ಜಾರಿದ ಬಿರಡೆ, ಸರಿದ ಮಣಿ, ಯಾವುದಾದರೂ ಆಗಿರಬಹುದು. ಮೊಬೈಲ್ ಟ್ಯೂನರ್ ಇಲ್ಲಿ ಸಾಲದು. 48 ಕಿಲೋಹರ್ಟ್ಸ್ ರೆಕಾರ್ಡಿಂಗ್‌ನಲ್ಲಿ 65536 ಬಿಂದುಗಳ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟಿದೆ ಎಂಬ ನಕ್ಷೆ) ತೆಗೆದರೆ ಅದರ ಒಂದು ಮನೆಯ ಅಗಲ 0.73 ಹರ್ಟ್ಸ್. ಸಾರಣಿಯ ಮೂಲ ಸ್ವರದಲ್ಲಿ ಅದು ಹತ್ತಿರ ಹತ್ತಿರ 10 ಸೆಂಟ್ಸ್, ಪ್ರಯೋಜನವಿಲ್ಲ. ಎಂಟನೇ ಹಾರ್ಮೋನಿಕ್ (1046ರ ಆಸುಪಾಸು) ಅಳೆದು ಎಂಟರಿಂದ ಭಾಗಿಸಿ: ಅಲ್ಲಿ ಅದೇ ಮನೆ 1.2 ಸೆಂಟ್ಸ್. ಅಳೆಯುವಾಗ ಮೀಟಿದ ಮೊದಲ ಅರ್ಧ ಸೆಕೆಂಡ್ ಬಿಡಿ, ತಂತಿ ಆಗ ಸ್ವಲ್ಪ ಏರಿರುತ್ತದೆ. ಈ ಟ್ರ್ಯಾಕಿನ ಸಾರಣಿ 3 ಸೆಂಟ್ಸ್ ಇಳಿದಿತ್ತು, ಆದ್ದರಿಂದ ಸಿಂತ್‌ನ ಮಾಸ್ಟರ್ ಟ್ಯೂನ್ 440ರಿಂದ 439.24ಕ್ಕೆ ಬಂತು.

ತಂತಿ ಅಂದಕೂಡಲೇ ನೆನಪಾಯಿತು. ಪೊಟ್ಟಣದ ಮೇಲೆ ಬರೀ '30' ಅಂತ ಬರೆದು ಮಾರುವವರಿಗೆ ಏನು ಹೇಳುವುದು? ತಂತಿಯ ದಪ್ಪಕ್ಕೆ ಎರಡು ಅಳತೆಪಟ್ಟಿ: ಬ್ರಿಟಿಷ್ ಎಸ್‌ಡಬ್ಲ್ಯೂಜಿಯಲ್ಲಿ 30 ಅಂದರೆ 0.315 ಮಿಮೀ, ಅಮೆರಿಕದ ಎಡಬ್ಲ್ಯೂಜಿಯಲ್ಲಿ 0.255. ಅದೇ ಶ್ರುತಿಗೆ ಏರಿಸಿದರೆ ಎರಡನೆಯದರ ಬಿಗಿತ ಮೊದಲನೆಯದರ ಮೂರನೇ ಎರಡು ಭಾಗವಷ್ಟೇ. ತಂತಿ ಕುದುರೆಯ ಮೇಲೆ ಜೋಲಾಡಿ, ದಾರ ಎಲ್ಲಿಟ್ಟರೂ ಜವಾರಿ ಹಿಡಿಯುವುದಿಲ್ಲ. ಅಂಗಡಿಗೆ ಹೋಗುವಾಗ ಕ್ಯಾಲಿಪರ್ ಜೇಬಿನಲ್ಲಿರಲಿ.

ಅಂಗಡಿಯ ಮಾತು ಬಂದಿದ್ದಕ್ಕೆ ಮುಂದಿನ ಯೋಜನೆಯನ್ನೂ ಹೇಳಿಬಿಡುವುದು ಒಳ್ಳೆಯದು: ಅಡಿಕೆ ಹಾಳೆಗೆ 27 ಮಿಮೀ ಪೀಝೋ (ಅದುರನ್ನು ವಿದ್ಯುತ್ತಾಗಿಸುವ ಬಿಲ್ಲೆ) ಅಂಟಿಸಿ ಮಳೆಗೆ ಒಡ್ಡುವುದು. ಪೀಝೋವನ್ನು 10 ಕಿಲೋಓಮ್ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ 20 ನ್ಯಾನೋಫ್ಯಾರಡ್ ಲೆಕ್ಕದಲ್ಲಿ 800 ಹರ್ಟ್ಸ್ ಕೆಳಗಿನದೆಲ್ಲ ಸೋರಿಹೋಗುತ್ತದೆ, ಮಳೆ ಬದಲು ಮರಳು ಸುರಿದಂತೆ ಕೇಳುತ್ತದೆ. ನಡುವೆ 1 ಮೆಗಾಓಮ್ ಬಫರ್ (ಪೀಝೋ ಮೇಲಿನ ಹೊರೆ ಇಳಿಸುವ ಪುಟ್ಟ ಸರ್ಕ್ಯೂಟ್) ಇಟ್ಟರೆ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಬಫರ್‌ಗೆ ಜೆ201 ಟ್ರಾನ್ಸಿಸ್ಟರ್ ಹುಡುಕಿದರೆ ಹೆಸರು ಉಜ್ಜಿ ಮರುಮುದ್ರಿಸಿದ ಬೇರೇನೋ ಬರುತ್ತದೆ. ಅದರ ಬೈಗುಳ ಮುಂದಿನ ಕಂತಿಗೆ.

ಮತ್ತೆ ಗಾಂಧಾರಕ್ಕೆ. ಶ್ರುತಿ ಸೇರಿಸಿದ ಮೇಲೂ ಪ್ಯಾಚ್‌ನಲ್ಲಿ ಎರಡನೇ ಆಸಿಲೇಟರ್ (ನಾದ ಹುಟ್ಟಿಸುವ ಭಾಗ) 7 ಸೆಂಟ್ಸ್ ಡೀಟ್ಯೂನ್ ಆಗಿದ್ದರೆ, ಅಂದರೆ ಶ್ರುತಿಯಿಂದ ಸರಿದಿದ್ದರೆ, ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಕೋರಸ್ ಆಫ್, ಡೀಟ್ಯೂನ್ ಸೊನ್ನೆ, ರಿವರ್ಬ್‌ನ ಮಾಡ್ಯುಲೇಶನ್ ಕೂಡ ಸೊನ್ನೆ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ಉದ್ದ ಬಾಲದ ರಿವರ್ಬ್‌ಗಳಲ್ಲಿ ಅದು ಮೊದಲೇ ಆನ್ ಇರುತ್ತದೆ, ಸ್ವರವನ್ನು ಸದ್ದಿಲ್ಲದೆ ಅತ್ತಿತ್ತ ಎಳೆಯುತ್ತದೆ.

ಕೊನೆಯ ತಿರುವು ಇಲ್ಲಿದೆ. ಎಲ್ಲವನ್ನೂ ಲೆಕ್ಕಕ್ಕೆ ಸರಿಯಾಗಿ 7631ರಲ್ಲಿಟ್ಟರೆ ಪ್ಯಾಡ್ ತಂಬೂರಿಯೊಳಗೆ ಕರಗಿ ಮಾಯವಾಗುತ್ತದೆ, ಫೇಡರ್ ಎತ್ತಿದರೂ ತಂಬೂರಿಯೇ ದಪ್ಪವಾದಂತೆ ಕೇಳುತ್ತದೆ. ಬೇಕೆಂದೇ ಒಂದು ಸೆಂಟ್ ಏರಿಸಿ, 7672. ಆಗ 327 ಹರ್ಟ್ಸ್‌ನಲ್ಲಿ ಬೀಟ್ (ನಡುಕದ ವೇಗ) ಸೆಕೆಂಡಿಗೆ 0.19, ಅಂದರೆ ಐದೂಕಾಲು ಸೆಕೆಂಡಿಗೊಂದು ಏರಿಳಿತ. ಪ್ಯಾಡ್ ಬೇರೆಯಾಗಿ ನಿಲ್ಲುತ್ತದೆ, ನಡುಗುವುದಿಲ್ಲ. ಎರಡು ಸೆಂಟ್ಸ್‌ಗೆ ಹೋದರೆ ಮತ್ತೆ ಅಲುಗಾಟ ಎದ್ದು ಕಾಣುತ್ತದೆ.

ಲೂಪ್ ಉದ್ದಗಳಿಗೆ ಬ್ರಿಟಿಷ್ ಆಂಬಿಯೆಂಟ್ ಸಂಗೀತಗಾರ ಬ್ರಯಾನ್ ಈನೊ 1978ರಲ್ಲಿ ಬಳಸಿದ ಹಳೇ ತಂತ್ರವೇ ಸಾಕು: ಒಂದಕ್ಕೊಂದು ಸುಲಭಕ್ಕೆ ಹೊಂದದ ಅಳತೆಗಳು. ಇಲ್ಲಿ ತಂಬೂರಿಗೆ 37 ಸೆಕೆಂಡ್, ಪ್ಯಾಡಿಗೆ 41. ಎರಡೂ ಮತ್ತೆ ಒಟ್ಟಿಗೆ ಶುರುವಾಗಲು 1517 ಸೆಕೆಂಡ್, ಇಪ್ಪತ್ತೈದು ನಿಮಿಷ ದಾಟುತ್ತದೆ. ಟ್ರ್ಯಾಕ್ ಅಷ್ಟು ಉದ್ದವಿಲ್ಲ. ಐದನೇ ಟ್ರ್ಯಾಕಿನಲ್ಲಿ ಪ್ಯಾಡ್ ನಿಷಾದದ ಮೇಲೆ ನಿಲ್ಲುತ್ತದೆ. ಅಲ್ಲಿ ಪಂಚಮ ತಂತಿಯ ಐದನೇ ಹಾರ್ಮೋನಿಕ್ 490.55, ಸಿಂತ್ 493.88. ಇದೇ ಕೆಲಸ, ನಡುಕ ಮಾತ್ರ ಇನ್ನೂ ಚುರುಕು.