9ನ್ನ 10 ಮಾಡೋ ಆಸೆ

ಕಾರ್ಡ್ ಕಲೆಕ್ಟ್ ಮಾಡೋರ ತಲೆಗೆಲ್ಲ ಒಂದಿನ ಈ ಹುಳ ಹೊಕ್ಕೇ ಹೊಗುತ್ತೆ, "ಇದಕ್ಕೆ 9 ಕೊಟ್ಟಿದಾರಲ್ಲ, 10 ಬರ್ಬೇಕಿತ್ತು ಕಣ್ರೀ" ಅಂತ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ ಕನ್ನಡ ಬಳಗದ ಹುಡುಗ ಒಬ್ಬನ ಹತ್ರ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್‌ನ ರೂಕಿ ಕಾರ್ಡ್ (ಅಂದ್ರೆ ಆಟಗಾರನ ಮೊದಲನೇ ವರ್ಷದ ಕಾರ್ಡ್) ಇದೆ, ಅಪ್ಪರ್ ಡೆಕ್ ಕಂಪನಿ 1989ರಲ್ಲಿ ತಂದಿದ್ದು, ಪಿಎಸ್‌ಎ ಅನ್ನೋ ಕಂಪನಿ ಅದಕ್ಕೆ 9 ಮಾರ್ಕ್ಸ್ ಕೊಟ್ಟಿದೆ. "ಅಣ್ಣಾ, ಡಬ್ಬಿ ಒಡೆದು ಮತ್ತೆ ಕಳಿಸ್ಲಾ?" ಅಂತ ಮೆಸೇಜ್ ಹಾಕಿದ್ದ. ಉತ್ತರ ಟೈಪ್ ಮಾಡ್ತಾ ಮಾಡ್ತಾ ಉದ್ದ ಆಗೋಯ್ತು, ಅದಕ್ಕೆ ಇಲ್ಲೇ ಹಾಕ್ತಿದೀನಿ.

ಗೊತ್ತಿಲ್ದೇ ಇರೋರಿಗೆ ಎರಡೇ ಮಾತು. ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಪೋಕೆಮಾನ್ ಕಾರ್ಡುಗಳನ್ನ ಪಿಎಸ್‌ಎ, ಬೆಕೆಟ್, ಎಸ್‌ಜಿಸಿ ಥರದ ಕಂಪನಿಗಳಿಗೆ ಕಳಿಸಿದ್ರೆ ಅವರು ಮೂಲೆ, ಅಂಚು, ಮೇಲ್ಮೈ, ಚಿತ್ರ ನಟ್ಟನಡುವೆ ಕೂತಿದೆಯಾ ಇಲ್ವಾ ಅಂತೆಲ್ಲ ನೋಡಿ 1ರಿಂದ 10ರ ತನಕ ಮಾರ್ಕ್ಸ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ ವಾಪಸ್ ಕಳಿಸ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅಂತಾರೆ. ಮಾರ್ಕ್ಸ್ ಕಮ್ಮಿ ಬಂತು ಅನ್ಸಿದ್ರೆ ಮತ್ತೆ ಕಳಿಸ್ಬಹುದು, ಪಿಯುಸಿ ಪೇಪರ್ ರೀವ್ಯಾಲ್ಯುಯೇಷನ್‌ಗೆ ಹಾಕಿದ ಹಾಗೆ, ಪ್ರತೀ ಸಲ ಫೀಸ್ ಕಟ್ಟಿ.

ಈಗ ಗ್ರಿಫಿ ವಿಷಯಕ್ಕೆ ಬರೋಣ. ಅಪ್ಪರ್ ಡೆಕ್‌ನ ಮೊದಲನೇ ಸೆಟ್‌ನ ಒಂದನೇ ನಂಬರ್ ಕಾರ್ಡು ಅದು. (ಫೋಟೋದಲ್ಲಿ ಅವನು ಹಾಕಿರೋದು ಮೈನರ್ ಲೀಗ್, ಅಂದ್ರೆ ಕೆಳಹಂತದ ಟೀಮಿನ ಟೋಪಿ, ಅದನ್ನ ತಿದ್ದಿ ಅವನ ದೊಡ್ಡ ಲೀಗ್ ಟೀಮ್ ಮ್ಯಾರಿನರ್ಸ್ ಟೋಪಿ ಮಾಡಿದಾರೆ. ಅಷ್ಟು ಫೇಮಸ್ ಕಾರ್ಡಿನ ಟೋಪೀನೇ ಡೂಪ್ಲಿಕೇಟ್!) ಪಿಎಸ್‌ಎ ಒಂದೇ ಈ ಕಾರ್ಡನ್ನ ಒಂದು ಲಕ್ಷಕ್ಕೂ ಜಾಸ್ತಿ ಸಲ ಗ್ರೇಡ್ ಮಾಡಿದೆ, ಅದರಲ್ಲಿ 10 ಬಂದಿರೋದು ನೂರಕ್ಕೆ ನಾಲ್ಕರ ಆಸುಪಾಸು. 9ಕ್ಕೂ 10ಕ್ಕೂ ರೇಟಿನಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಹುಡುಗನ ತಲೆ ತಿರುಗಿರೋದು ಇಲ್ಲೇ. ಲೆಕ್ಕಕ್ಕೆ 9ರ ಬೆಲೆ 200 ಡಾಲರ್, 10ರ ಬೆಲೆ 2000, ಫೀಸು ಪೋಸ್ಟೇಜು ಇನ್ಶೂರೆನ್ಸು ಎಲ್ಲ ಸೇರಿ 60 ಅಂತ ಇಟ್ಕೊಳ್ಳಿ. ಮೂವತ್ತು ಸಲದಲ್ಲಿ ಒಂದು ಸಲ 10 ಬಂದ್ರೂ ಹಾಕಿದ ದುಡ್ಡು ಬಂತು (60ರ ಹಾಗೆ ಮೂವತ್ತು ಸಲಕ್ಕೆ 1800, ಬೆಲೆಯ ವ್ಯತ್ಯಾಸಾನೂ 1800)! ಪೇಪರ್ ಮೇಲೆ ನೋಡಿದ್ರೆ ಕಳಿಸದೇ ಇರೋನೇ ದಡ್ಡ.

ಆದ್ರೆ ಮೂವತ್ತರಲ್ಲಿ ಒಂದು ಸಲನಾದ್ರೂ 10 ಬರುತ್ತೆ ಅಂತ ಹೇಳಿದ್ಯಾರು? ನಾವೇ ಅಂದ್ಕೊಂಡಿದ್ದು. ಬೆಲೆ ನೋಡೋಕೆ ಹರಾಜಿನ ರೇಟ್ ಇದೆ, ಫೀಸ್ ಸೈಟಲ್ಲಿ ಹಾಕಿದಾರೆ, ಚಾನ್ಸ್ ಎಷ್ಟು ಅನ್ನೋದು ಮಾತ್ರ ನಮ್ಮ ಆಸೆ ಹೇಳಿದ ನಂಬರು. ಈ ಲೆಕ್ಕಾಚಾರ ಹಾಳಾಗೋದೇ ಇಲ್ಲಿ. ಇನ್ನೊಂದು ವಿಷಯ, ಅವನು ಆ ಕಾರ್ಡನ್ನ ಪ್ಯಾಕ್ ಒಡೆದು ತೆಗೆದಿದ್ದಲ್ಲ, ಸ್ಲ್ಯಾಬ್ ಸಮೇತ ಕೊಂಡಿದ್ದು. 10ರ ಹಾಗೆ ಕಾಣೋ 9ನ್ನ ಹಿಂದಿನ ಓನರ್ ಸುಮ್ನೆ ಬಿಟ್ಟಿರ್ತಾನಾ? ಅವನಿಗೂ ಕಣ್ಣಿದೆ, ಅವನಿಗೂ ಇದೇ ಹತ್ತು ಪಟ್ಟಿನ ಲೆಕ್ಕ ಗೊತ್ತು. ಮತ್ತೆ ಕಳಿಸಿ 10 ಬಂದವೆಲ್ಲ 10ರ ರೇಟಿಗೆ ಮಾರಾಟ ಆಗಿ ಹೋದ್ವು, ಎಷ್ಟು ಸಲ ಹೋದ್ರೂ 9 ಆಗೇ ವಾಪಸ್ ಬಂದವು ಮಾರ್ಕೆಟ್ಟಲ್ಲಿ ಉಳ್ಕೊಂಡ್ವು, ನಾವು ಕೊಳ್ಳೋ ಚಂದದ 9ಗಳಲ್ಲಿ ಎಷ್ಟೋ ಅವೇ. ಹಾಗಾಗಿ ಆ ನೂರಕ್ಕೆ ನಾಲ್ಕನ್ನ ನಿಮ್ಮ ಕೈಲಿರೋ ಕಾರ್ಡಿಗೆ ಹಚ್ಚೋ ಹಾಗಿಲ್ಲ. ಅಷ್ಟೇ ಅಲ್ಲ, ಒಡೆದು ಕಳಿಸಿದೋರು ಹಳೇ ಲೇಬಲ್ ವಾಪಸ್ ಕೊಡದಿದ್ರೆ ಎಷ್ಟು ಕಾರ್ಡ್ ಗ್ರೇಡ್ ಮಾಡಿದ್ವಿ ಅಂತ ಪಿಎಸ್‌ಎ ಇಡೋ ಲಿಸ್ಟಲ್ಲಿ ಒಂದೇ ಕಾರ್ಡು ಎರಡು ಮೂರು ಸಲ ಎಣಿಕೆ ಆಗಿರುತ್ತೆ, ಆ ಲಕ್ಷವೂ ಪೂರ್ತಿ ಲಕ್ಷ ಅಲ್ಲ.

ಮತ್ತೆ ಕಳಿಸೋಕೆ ಮೂರು ದಾರಿ. ರಿವ್ಯೂ ಅಂದ್ರೆ ಪಿಎಸ್‌ಎ ಡಬ್ಬಿ ಸಮೇತ ಅವರಿಗೇ ವಾಪಸ್, ಜಾಸ್ತಿ ಗ್ರೇಡ್‌ಗೆ ಯೋಗ್ಯ ಅನ್ಸಿದ್ರೆ ಏರಿಸ್ತಾರೆ, ಇಲ್ಲಾಂದ್ರೆ ಇದ್ದ ಹಾಗೇ ಬರುತ್ತೆ. ಸೇಫ್, ಆದ್ರೆ ನೋಡೋನ ಕಣ್ಣೆದುರಿಗೇ 9 ಅಂತ ಬರೆದಿರುತ್ತೆ. ಕ್ರಾಸ್‌ಓವರ್ ಅಂದ್ರೆ ಬೇರೆ ಕಂಪನಿ ಡಬ್ಬೀಲಿರೋದನ್ನ ಕಳಿಸಿ, ಕನಿಷ್ಠ ಇಷ್ಟು ಗ್ರೇಡ್ ಬಂದ್ರೆ ಮಾತ್ರ ಒಡೀರಿ ಅಂತ ಮೊದಲೇ ಬರೆದುಕೊಡೋದು. ಮೂರನೇದು ನಮ್ ಹುಡುಗ ಕೇಳಿದ್ದು, ಕಟಿಂಗ್ ಪ್ಲೇಯರ್ ತಗೊಂಡು ಡಬ್ಬಿ ಮೂಲೆ ಮುರಿದು ಕಾರ್ಡ್ ಹೊರಗೆ ತೆಗೆದು ಹೊಸದರ ಥರ ಕಳಿಸೋದು. ಹೊಸ ಕಣ್ಣಿಂದ ನೋಡ್ತಾರೆ ನಿಜ, ಆದ್ರೆ 8 ಬಂದ್ರೂ ತೆಪ್ಪಗಿರ್ಬೇಕು, ಒಡೆಯೋವಾಗ ಮೂಲೆ ತಾಗಿದ್ರೆ ಕಥೆ ಅಲ್ಲಿಗೇ ಮುಗೀತು.

ಹಳೇ ಕಾರ್ಡ್ ಒಡೆಯೋದಂತೂ ನಂಗೆ ಭಯ. ಪಿಎಸ್‌ಎ ಶುರುವಾದ 1991ರಲ್ಲಿ ಅವರು ಗ್ರೇಡ್ ಮಾಡಿದ ಮೊದಲ ಕಾರ್ಡೇ ಹೋನಸ್ ವ್ಯಾಗ್ನರ್ ಟಿ206 ಅನ್ನೋ ತುಂಬಾ ಹಳೇ, ಹೆಸರುವಾಸಿ ಬೇಸ್‌ಬಾಲ್ ಕಾರ್ಡು, ಕೊಟ್ಟಿದ್ದು 8. ಚೆನ್ನಾಗಿ ಕಾಣ್ಲಿ ಅಂತ ಅದರ ಅಂಚು ಕತ್ತರಿಸಿದ್ದೆ ಅಂತ ಹರಾಜು ಬಿಸಿನೆಸ್‌ನ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಕೋರ್ಟ್‌ನಲ್ಲಿ ಒಪ್ಕೊಂಡ. ಅಂಥ ಕಾರ್ಡೇ ದಾಟಿ ಹೋಗಿದೆ ಅಂದ್ಮೇಲೆ ಆ ಕಾಲದ ಡಬ್ಬಿಗಳಲ್ಲಿ ಇನ್ನೇನೇನಿದೆಯೋ. ಡಬ್ಬಿಯೊಳಗೆ ಇರೋ ತನಕ ಕಂಪನಿ ಗ್ಯಾರಂಟಿ ಇರುತ್ತೆ. ಒಡೆದು ಕಳಿಸಿ, ಈಗಿನೋರು ಕತ್ತರಿಸಿದ್ದು ಅಂತ ಕಂಡುಹಿಡಿದ್ರೆ ನಂಬರೇ ಕೊಡಲ್ಲ.

ಟೈಮೂ ಲೆಕ್ಕಕ್ಕೆ ಬರುತ್ತೆ. 2021ರ ಜನವರಿಯಲ್ಲಿ ಫ್ಲೀರ್ ಕಂಪನಿಯ 1986ರ ಮೈಕಲ್ ಜೋರ್ಡನ್ ಬಾಸ್ಕೆಟ್‌ಬಾಲ್ ಕಾರ್ಡು, ಪಿಎಸ್‌ಎ 10 ಬಂದಿದ್ದು ಒಂದು, 7,38,000 ಡಾಲರ್‌ಗೆ ಹೋಯ್ತು, ಎಲ್ರೂ ಮನೇಲಿದ್ದ ಕಾರ್ಡನ್ನೆಲ್ಲ ಕಳಿಸಿದ್ರು, ಮಾರ್ಚ್‌ನಲ್ಲಿ ಪಿಎಸ್‌ಎ ಬಹುತೇಕ ಸರ್ವಿಸನ್ನೇ ನಿಲ್ಲಿಸ್ತು, ಅಷ್ಟು ರಾಶಿ ಬಿದ್ದಿತ್ತು. ಕಾರ್ಡು ಅಲ್ಲಿ ಕೂತಿರೋವಾಗ್ಲೇ ಜೋರ್ಡನ್ ರೇಟ್ ಅರ್ಧಕ್ಕಿಂತ ಕೆಳಗೆ ಇಳೀತು.

ಅವನಿಗೆ ನಾನು ಹೇಳಿದ್ದು ಇಷ್ಟು: ಮೊದಲು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು 9 ಯಾಕೆ ಬಂತು ಅಂತ ಹುಡುಕು ಮಾರಾಯ. ನಾಲ್ಕೂ ಮೂಲೆ ನೋಡು, ಲೈಟ್ ಕೆಳಗೆ ಓರೆ ಮಾಡಿ ಗೆರೆ ಇದೆಯಾ ನೋಡು, ಬಾರ್ಡರ್ ಅಳತೆ ತಗೋ, 10 ಬೇಕಂದ್ರೆ ಈಗ ಮುಂದುಗಡೆ ಎದುರುಬದುರು ಬಾರ್ಡರ್‌ಗಳ ಅಗಲದ ಪಾಲು 55/45 ಒಳಗೆ ಇರ್ಬೇಕು, ಮೊದಲು 60/40 ನಡೀತಿತ್ತು, ಅಂದ್ರೆ ಹಳೇ 10ಗಳೇ ಇವತ್ತು ಕಳಿಸಿದ್ರೆ 10 ಬರ್ತವೆ ಅನ್ನೋ ಗ್ಯಾರಂಟಿ ಇಲ್ಲ. ತಪ್ಪು ನಿನ್ನ ಕಣ್ಣಿಗೇ ಕಂಡ್ರೆ ಅವರಿಗೂ ಕಾಣುತ್ತೆ, ಅಲ್ಲಿಗೆ ಮುಗೀತು. ಏನೂ ಕಾಣ್ಲಿಲ್ಲ ಅಂದ್ರೆ ರಿವ್ಯೂಗೆ ಒಂದೇ ಸಲ ಹಾಕು, ಒಡೀಬೇಡ. ಎರಡು ಗಂಟೆ ಬಿಟ್ಟು ಫೋಟೋ ಕಳಿಸಿದ, ಎಡಗಡೆ ಕೆಳಗಿನ ಮೂಲೇಲಿ ಸಣ್ಣಗೆ ಬಿಳಿ ಚುಕ್ಕೆ. "ಇದು ಡಬ್ಬಿ ಮೇಲಿನ ಧೂಳು ಇರ್ಬಹುದಾ ಅಣ್ಣಾ?" ಅಂತ ಬೇರೆ. ಒರೆಸಿ ನೋಡಪ್ಪ ಅಂದೆ, ಆಮೇಲೆ ಮೆಸೇಜೇ ಇಲ್ಲ.

ಈಗಿನ ಹೊಸ ಕಾರ್ಡುಗಳಿಗೆ ಈ ತಲೆನೋವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಪ್ರಿಂಟಿಂಗ್ ಚೆನ್ನಾಗಿರೋದ್ರಿಂದ 10ಗಳೇ ರಾಶಿ ಬೀಳ್ತವೆ, ಎಷ್ಟೋ ಕಾರ್ಡ್‌ಗಳ 9 ಮಾರಿದ್ರೆ ಗ್ರೇಡಿಂಗ್ ಫೀಸೂ ಹುಟ್ಟಲ್ಲ, ಅದರ ಮೇಲೆ ಇನ್ನೊಂದು ಫೀಸ್ ಯಾಕೆ? ನನ್ನ ಹತ್ರ ಇರೋದ್ರಲ್ಲಿ ಕಳಿಸೋಕೆ ಅಂತ ಎತ್ತಿಟ್ಟಿರೋದು ಒಂದು ಬೆಕೆಟ್ 9.5 ಮಾತ್ರ. ಬೆಕೆಟ್‌ನೋರು ಮೂಲೆಗೆ ಇಷ್ಟು ಅಂಚಿಗೆ ಇಷ್ಟು ಅಂತ ಬಿಡಿ ಬಿಡಿಯಾಗಿ ಬರೆದಿರೋದ್ರಿಂದ ಕತ್ತಲಲ್ಲಿ ತಡಕೋ ಹಾಗಿಲ್ಲ, ಇದರಲ್ಲಿ ಯಾವುದೂ 9.5ಕ್ಕಿಂತ ಕಮ್ಮಿ ಇಲ್ಲ. ಪಿಎಸ್‌ಎ ಕ್ರಾಸ್‌ಓವರ್‌ಗೆ ಹಾಕ್ತೀನಿ, ಕನಿಷ್ಠ ಗ್ರೇಡ್ ಅನ್ನೋ ಕಡೆ 10 ಅಂತ ಬರೀತೀನಿ. ಬರ್ಲಿಲ್ಲ ಅಂದ್ರೆ ಫೀಸ್ ಹೋಯ್ತು, ಕಾರ್ಡು ಅದೇ ಡಬ್ಬೀಲಿ ವಾಪಸ್ ಬರುತ್ತೆ, ಎರಡನೇ ಸಲ ಕಳಿಸಲ್ಲ.