ಕಾಲಿನ ಮುಂದೆ ಬೆಳಕು

ಬೆಟಗೇರಿಯ ನಮ್ಮ ಅಜ್ಜಿಯ ಮನೆಯಲ್ಲಿ ಒಂದು ಕಂದೀಲಿತ್ತು. ಕ್ರಿಸ್ಮಸ್ ದಿನ ನಸುಕಿನ ಆರಾಧನೆಗೆ ಹೋಗುವಾಗ ಅದನ್ನು ಹಿಡಿದು ಅಜ್ಜಿ ಮುಂದೆ ನಡೆಯುತ್ತಿದ್ದಳು. ಹಿಂದೆ ನಾನು ಮತ್ತು ಅಣ್ಣ. ಕತ್ತಲೆಗೆ ಹೆದರಿ ನಾನು ನಿಂತುಬಿಟ್ಟರೆ ಅಜ್ಜಿ ಬಯ್ಯುತ್ತಿರಲಿಲ್ಲ. "ನಿಂತ್ರ ನಿಂತ ಜಾಗಾನs ಕಾಣತದವಾ. ಒಂದ್ ಹೆಜ್ಜಿ ಇಡು, ಮುಂದಿಂದು ಕಾಣತದ," ಅನ್ನುತ್ತಿದ್ದಳು. ಸಂಜೆ ಪ್ರಾರ್ಥನೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಮೊದಲ ವಚನವೂ ಅದೇ ಬೆಳಕಿನದು, ಕೀರ್ತನೆ 119ರ 105ನೆಯದು: "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ."

ಅಜ್ಜಿ ಹೋದ ಮೇಲೆ ಆ ಮನೆಯ ವಿಷಯಕ್ಕೇ ನನಗೂ ಅಣ್ಣನಿಗೂ ಮಾತು ನಿಂತಿತು. ಎರಡು ವರ್ಷ. ಅವನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ನಾನು ಧಾರವಾಡದಲ್ಲಿ. ಯಾರು ಏನು ಅಂದರು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ನಾನೂ ಸಾಕಷ್ಟು ಅಂದಿದ್ದೆ.

ಈ ಸಲ ಜನವರಿಯಲ್ಲಿ ಎಪಿಫನಿ ಹಬ್ಬದ ಆರಾಧನೆಗೆ ಹೋಗಿದ್ದೆ. ಜನವರಿ 6ರ ಹಬ್ಬ ಅದು, ಯೇಸುವಿನ ಬೆಳಕು ದೂರದ ಜನಾಂಗಗಳಿಗೂ ತೋರಿತು ಎಂದು ನೆನೆಯುವ ದಿನ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯ ಓದಿದರು. ನಕ್ಷತ್ರ ನೋಡಿ ಮಗು ಯೇಸುವನ್ನು ಹುಡುಕಿಕೊಂಡು ಬಂದ ಮೂಡಣ ದೇಶದ ಜೋಯಿಸರ ಕಥೆ. ಸಂಡೇ ಸ್ಕೂಲಿನ ನಾಟಕದಲ್ಲಿ ಮೂವರು ರಾಜರನ್ನು ಮಾಡಿ ಮಾಡಿ ನಮಗೆಲ್ಲ ಅವರು ಮೂವರೇ ಅನ್ನಿಸಿಬಿಟ್ಟಿದೆ. ಸತ್ಯವೇದದಲ್ಲಿ ಮೂರು ಇರುವುದು ಕಾಣಿಕೆ: ಚಿನ್ನ, ಧೂಪ, ರಕ್ತಬೋಳ. ಎಷ್ಟು ಜನ ಬಂದಿದ್ದರೋ ಮತ್ತಾಯ ಹೇಳುವುದಿಲ್ಲ.

ಆವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಮಾತು. ನಕ್ಷತ್ರ ನೋಡಿ ಅಷ್ಟು ದೂರ ಬಂದ ಜೋಯಿಸರು ಯೆರೂಸಲೇಮಿನಲ್ಲಿ ದಾರಿ ಕೇಳಬೇಕಾಯಿತು. ಅರಸ ಹೆರೋದ ಮುಖ್ಯಯಾಜಕರನ್ನೂ ಶಾಸ್ತ್ರಿಗಳನ್ನೂ ಕರೆಸಿ, ಕ್ರಿಸ್ತ ಹುಟ್ಟಬೇಕಾದದ್ದು ಎಲ್ಲಿ ಎಂದು ಕೇಳಿದ. ಅವರಿಗೆ ಉತ್ತರ ಗೊತ್ತಿತ್ತು. ಯೂದಾಯದ ಬೇತ್ಲೆಹೇಮ್ ಎಂದರು, ಪ್ರವಾದಿ ಮೀಕನ ಮಾತನ್ನೂ ಹೇಳಿದರು. ಉತ್ತರ ಸರಿಯಾಗಿಯೇ ಇತ್ತು. ಆದರೆ ಅವರಲ್ಲಿ ಒಬ್ಬರಾದರೂ ಎದ್ದು ಹೋದರು ಅಂತ ಎಲ್ಲೂ ಬರೆದಿಲ್ಲ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಸುಮಾರು 9 ಕಿಲೋಮೀಟರ್. ನಮ್ಮ ಧಾರವಾಡದಿಂದ ಹುಬ್ಬಳ್ಳಿಗೆ 20. ಅದರ ಅರ್ಧವೂ ಅಲ್ಲ!

ಇಷ್ಟು ಲೆಕ್ಕ ಹಾಕುವಾಗಲೇ ಎದೆಯಲ್ಲಿ ಏನೋ ಚುಚ್ಚಿತು. ವಚನ ಗೊತ್ತಿದ್ದೂ ಕೂತಲ್ಲೇ ಕೂತವಳು ನಾನೇ ಅಲ್ವಾ? ಕಾಣಿಕೆ ಅರ್ಪಿಸಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಮನಸ್ತಾಪ ಇದೆಯೆಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಯೇಸು ಹೇಳಿದ್ದು ಅದೇ ಮತ್ತಾಯನ 5ನೇ ಅಧ್ಯಾಯದಲ್ಲಿ. ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಅದನ್ನು ಕಲಿಸಿದ್ದೇನೆ. ಎರಡು ವರ್ಷದಿಂದ "ಕರ್ತನೇ, ದಾರಿ ತೋರಿಸು" ಎಂದು ಪ್ರಾರ್ಥಿಸಿದ್ದೂ ನಾನೇ. ದಾರಿ ಕಾಣದೆ ಇದ್ದಿದ್ದಲ್ಲ.

ಇನ್ನೊಂದು ಸಣ್ಣ ವಿಷಯ ಗಮನಿಸಿ. ಯೆರೂಸಲೇಮ್ ಬಿಟ್ಟು ಹೊರಟ ಮೇಲೆ ಜೋಯಿಸರಿಗೆ ಆ ನಕ್ಷತ್ರ ಮತ್ತೆ ಕಂಡಿತು. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ ಎನ್ನುತ್ತಾನೆ ಮತ್ತಾಯ. ಅದು ಕಂಡಿದ್ದು ಅರಮನೆಯಲ್ಲಿ ಕೂತಿದ್ದಾಗ ಅಲ್ಲ, ದಾರಿಯಲ್ಲಿ. ಅಜ್ಜಿಯ ಮಾತು ಆಗ ನನಗೆ ಅರ್ಥವಾಯಿತು.

ಆರಾಧನೆ ಮುಗಿಸಿ ಮನೆಗೆ ಹೋಗಲಿಲ್ಲ. ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ನವನಗರ ಬರುವ ಹೊತ್ತಿಗೆ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಉಣಕಲ್ ಕೆರೆ ದಾಟುವಾಗ ಇನ್ನೂ ಜಾಸ್ತಿ. ಏನು ಮಾತಾಡಬೇಕು ಅನ್ನೋದೇ ಹೊಳೆಯಲಿಲ್ಲ. ಸುಮ್ನೆ ಕರ್ತನ ಪ್ರಾರ್ಥನೆ ಹೇಳುತ್ತಾ ಕೂತೆ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎನ್ನುವಲ್ಲಿ ಪ್ರತಿ ಸಲವೂ ನಾಲಿಗೆ ತಡವರಿಸಿತು.

ಬಾಗಿಲು ತೆಗೆದವನು ಅಣ್ಣನೇ. ಬಾಗಿಲ ಮೇಲೆ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ ಇನ್ನೂ ತೂಗುತ್ತಿತ್ತು. "ಅಣ್ಣಾ, ನನ್ನದೂ ತಪ್ಪದ," ಅಂದೆ. ಅಷ್ಟೇ ಬಂತು ಬಾಯಿಗೆ. ಅವನು ಒಂದು ಗಳಿಗೆ ಸುಮ್ಮನೆ ನಿಂತ. "ಮನಿ ಮಾತು ಆಮ್ಯಾಲ ಆಗಲಿ. ಮೊದಲ ಒಳಗ ಬಾ," ಎಂದ. ವೈನಿ ತಾಟು ಹಾಕಿದರು. ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ, ಅದಕ್ಕೆ ಕೂತು ಮಾತಾಡಬೇಕು. ಆದರೆ ಆ ಸಂಜೆ ಮೂವರೂ ಕೂಡಿ ಪ್ರಾರ್ಥನೆ ಮಾಡಿದೆವು. ಕೀರ್ತನೆ ಓದಿದ್ದು ಅಣ್ಣ.

ಬಸ್ ಸ್ಟಾಪಿನವರೆಗೆ ಕಳಿಸಲು ಬಂದ. ಅವರ ಓಣಿಯಲ್ಲಿ ಲೈಟ್ ಇರಲಿಲ್ಲ, ರಸ್ತೆ ಅಗೆದಿದ್ದರು. ಅವನು ಮೊಬೈಲ್ ಟಾರ್ಚ್ ಹಾಕಿ ತನ್ನ ಕಾಲಿನ ಮುಂದಲ್ಲ, ನನ್ನ ಕಾಲಿನ ಮುಂದೆ ಹಿಡಿದು ನಡೆದ.